ಗೇಟು, ಟಪಾಲು ಮತ್ತು ಜಯಾಬೆನ್ ದೇಸಾಯಿ: ಗ್ರನ್‌ವಿಕ್ ಮುಷ್ಕರದ ಪ್ರಕರಣ ಅಧ್ಯಯನ

1976ರ ಆಗಸ್ಟ್‌ನಿಂದ 1978ರ ಜುಲೈವರೆಗೆ ಲಂಡನ್ನಿನ ವಿಲ್ಸ್‌ಡೆನ್ ಭಾಗದಲ್ಲಿ ಒಂದು ಮುಷ್ಕರ ನಡೆಯಿತು. ಕಂಪನಿಯ ಹೆಸರು ಗ್ರನ್‌ವಿಕ್ ಫಿಲ್ಮ್ ಪ್ರೋಸೆಸಿಂಗ್ ಲ್ಯಾಬೊರೇಟರೀಸ್. ಕೆಲಸ ಬಿಟ್ಟು ಹೊರಬಂದವರಲ್ಲಿ ಹೆಚ್ಚಿನವರು ಭಾರತೀಯ ಮೂಲದವರು, ಅದರಲ್ಲೂ ಹೆಂಗಸರು. ಮುಂದೆ ನಿಂತವರು ಜಯಾಬೆನ್ ದೇಸಾಯಿ. ಆಗ ಅವರಿಗೆ 43 ವರ್ಷ. ಎತ್ತರ ಐದು ಅಡಿಯೂ ಇಲ್ಲ. ಮುಷ್ಕರ ಸೋತಿತು. ಕೆಲಸ ಕಳೆದುಕೊಂಡ ಒಬ್ಬರಿಗೂ ಅದು ವಾಪಸ್ ಸಿಗಲಿಲ್ಲ.

ಈ ಮುಷ್ಕರ ಅಂದ ಕೂಡಲೇ ಸೀರೆ ಉಟ್ಟ ಹೆಂಗಸರು ಪೊಲೀಸರ ಸಾಲಿನ ಎದುರು ನಿಂತ ಫೋಟೋಗಳು ನೆನಪಾಗುತ್ತವೆ. ಆ ಫೋಟೋಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವುಗಳಲ್ಲಿ ಕಾಣದ ಒಂದು ವಿಷಯವೇ ಈ ಪ್ರಕರಣದ ತಿರುಳು ಅಂತ ನನ್ನ ಅಭಿಪ್ರಾಯ. ಮುಷ್ಕರ ಶುರುವಾದ ಮೂರನೇ ತಿಂಗಳಿಗೇ ಈ ಕೆಲಸಗಾರರಿಗೆ ಕಂಪನಿಯ ಜೀವ ಎಲ್ಲಿದೆ ಅಂತ ಸಿಕ್ಕಿತ್ತು. ನಾಲ್ಕು ದಿನ ಅದು ಅವರ ಕೈಯಲ್ಲೂ ಇತ್ತು. ಅದನ್ನು ಬಿಟ್ಟುಕೊಟ್ಟದ್ದು ಹೇಗೆ, ಬದಲಿಗೆ ಸಿಕ್ಕಿದ್ದೇನು ಅನ್ನುವುದನ್ನು ಇಲ್ಲಿ ಬಿಡಿಸಿ ನೋಡುತ್ತೇನೆ.

ಬಂದ ದಾರಿ

ಜಯಾಬೆನ್ ಹುಟ್ಟಿದ್ದು 1933ರಲ್ಲಿ, ಗುಜರಾತಿನ ಧರ್ಮಜ್ ಎಂಬ ಊರಲ್ಲಿ. 1955ರಲ್ಲಿ ಸೂರ್ಯಕಾಂತ್ ದೇಸಾಯಿ ಅವರ ಜೊತೆ ಮದುವೆ. ಗಂಡ ಟಾಂಗಾನಿಕಾದಲ್ಲಿ, ಅಂದರೆ ಇವತ್ತಿನ ಟಾಂಜಾನಿಯಾದಲ್ಲಿ, ಟೈರ್ ಕಾರ್ಖಾನೆಯ ಮ್ಯಾನೇಜರ್. ಪೂರ್ವ ಆಫ್ರಿಕಾದ ದೇಶಗಳು ಸ್ವತಂತ್ರವಾದ ಮೇಲೆ ಕೆಲಸ, ವ್ಯಾಪಾರಗಳನ್ನು ಅಲ್ಲಿನವರಿಗೇ ಕೊಡುವ ನೀತಿ ಬಂತು. ಸಾವಿರಾರು ಭಾರತೀಯ ಕುಟುಂಬಗಳು ಬ್ರಿಟನ್ನಿನ ದಾರಿ ಹಿಡಿದವು. 1960ರ ದಶಕದ ಕೊನೆಯ ಹೊತ್ತಿಗೆ ದೇಸಾಯಿ ಕುಟುಂಬವೂ ಲಂಡನ್‌ಗೆ ಬಂತು. ಅಲ್ಲಿ ಗಂಡನಿಗೆ ಸಿಕ್ಕಿದ್ದು ಸಾಮಾನ್ಯ ಕೂಲಿ ಕೆಲಸ. ಜಯಾಬೆನ್ ಹೊಲಿಗೆ ಮಷೀನಿನ ಮುಂದೆ ಕೂತರು. 1974ರಲ್ಲಿ ಗ್ರನ್‌ವಿಕ್ ಸೇರಿದರು.

ಆಫ್ರಿಕಾದಿಂದ ಬಂದ ಇಂಥ ಎಷ್ಟೋ ಹೆಂಗಸರಿಗೆ ಕಾರ್ಖಾನೆ ಕೆಲಸವೇ ಹೊಸದು. ಇನ್ನೊಬ್ಬರು ಬೈದರೆ ತಲೆ ತಗ್ಗಿಸುವ ಅಭ್ಯಾಸವೂ ಅವರಿಗೆ ಇರಲಿಲ್ಲ. ಭಾಷೆ ಅಷ್ಟಾಗಿ ಬಾರದ, ಕೆಲಸದ ಅಗತ್ಯ ಜಾಸ್ತಿ ಇರುವ ಹೆಂಗಸರು ಎಷ್ಟು ಕೊಟ್ಟರೂ ಸುಮ್ನೆ ದುಡಿಯುತ್ತಾರೆ ಅಂತ ಮಾಲೀಕರ ಲೆಕ್ಕ. ಆ ಲೆಕ್ಕ ತಪ್ಪಿದ್ದು ಇಲ್ಲೇ.

ಲಕೋಟೆಯ ವ್ಯಾಪಾರ

ಗ್ರನ್‌ವಿಕ್‌ನ ವ್ಯಾಪಾರ ಹೇಗಿತ್ತು ಅಂತ ತಿಳಿಯದೆ ಈ ಮುಷ್ಕರ ಅರ್ಥವಾಗುವುದಿಲ್ಲ. ಅದು ಕ್ಯಾಮೆರಾ ರೀಲು ತೊಳೆದು ಪ್ರಿಂಟ್ ಹಾಕುವ ಕಂಪನಿ. ಗಿರಾಕಿ ಅಂಗಡಿಗೆ ಬರುವುದಿಲ್ಲ. ತುಂಬಿದ ರೀಲನ್ನು ಲಕೋಟೆಗೆ ಹಾಕಿ, ಹಣದ ಜೊತೆ ಟಪಾಲಿನಲ್ಲಿ ಕಳಿಸುತ್ತಾನೆ. ಫೋಟೋಗಳು ಟಪಾಲಿನಲ್ಲೇ ವಾಪಸ್ ಹೋಗುತ್ತವೆ. ಬೇಗ ಕಳಿಸಿದಷ್ಟೂ ಗಿರಾಕಿ ಉಳಿಯುತ್ತಾನೆ. ಬೇಸಿಗೆ ರಜೆಯಲ್ಲಿ ಜನ ಪ್ರವಾಸ ಹೋಗುವುದರಿಂದ ಲಕೋಟೆಗಳ ಮೂಟೆ ಬಂದು ಬೀಳುತ್ತಿತ್ತು. ಆ ತಿಂಗಳುಗಳಲ್ಲಿ ಓವರ್‌ಟೈಮ್ ಕಡ್ಡಾಯ.

ಜಯಾಬೆನ್ ಇದ್ದದ್ದು ಟಪಾಲು ವಿಭಾಗದಲ್ಲಿ. ಮ್ಯಾನೇಜರ್ ಗಾಜಿನ ಕೋಣೆಯಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದ. ಶೌಚಾಲಯಕ್ಕೆ ಹೋಗಲೂ ಕೈ ಎತ್ತಿ ಕೇಳಬೇಕಿತ್ತು ಅಂತ ಅಲ್ಲಿ ಕೆಲಸ ಮಾಡಿದವರು ಹೇಳಿದ್ದಾರೆ. 40 ಗಂಟೆಯ ವಾರಕ್ಕೆ ಸಂಬಳ 28 ಪೌಂಡ್. ಆಗ ಲಂಡನ್ನಿನಲ್ಲಿ ಕೈಕೆಲಸ ಮಾಡುವ ಹೆಂಗಸಿನ ಸರಾಸರಿ ಸಂಬಳವೇ ವಾರಕ್ಕೆ 44 ಪೌಂಡ್ ಇತ್ತು. ಕೆಲಸ ಕೇಳಿಕೊಂಡು ಬಂದ ಇಂಗ್ಲಿಷ್ ಹುಡುಗಿಗೆ ‘ನಿನಗೆ ಸಾಲುವಷ್ಟು ಸಂಬಳ ಇಲ್ಲಿ ಕೊಡೋಕಾಗಲ್ಲ’ ಅಂತ ಹೇಳುವುದನ್ನು ಒಳಗೆ ಕೂತ ಹಿರಿಯ ಹೆಂಗಸರು ಕೇಳಿಸಿಕೊಳ್ಳಬೇಕಿತ್ತು. ಅದು ಎಷ್ಟು ಅವಮಾನ ಅನ್ನುವುದನ್ನು ಜಯಾಬೆನ್ ಆಮೇಲೆ ಮತ್ತೆ ಮತ್ತೆ ನೆನೆಸಿಕೊಂಡರು.

ಓವರ್‌ಟೈಮಿನ ವಿಷಯ ಇನ್ನೊಂದು ಥರದ ಕಷ್ಟ. ಇವತ್ತು ಜಾಸ್ತಿ ಹೊತ್ತು ಇರಬೇಕು ಅಂತ ಮನೆಗೆ ಹೊರಡುವ ಹೊತ್ತಿಗೆ ಬಂದು ಹೇಳಿದರೆ, ಮನೆಯಲ್ಲಿ ಕಾಯುವ ಮಕ್ಕಳಿಗೆ ಊಟ ಯಾರು ಹಾಕಬೇಕು? ಗಂಡಸಿಗೆ ಒಂದೆರಡು ಗಂಟೆ ತಡವಾದರೆ ಅದು ಬರೀ ತಡ. ಹೆಂಗಸಿಗೆ ತಡವಾದರೆ ಇಡೀ ಮನೆಯ ಸಂಜೆಯೇ ನಿಂತುಹೋಗುತ್ತದೆ. ಈ ಮುಷ್ಕರ ಸಂಬಳದ ಮಾತಿನಿಂದ ಶುರುವಾಗಲಿಲ್ಲ. ಹೊತ್ತಾದ ಮೇಲೆ ಮನೆಗೆ ಹೋಗುವ ಹಕ್ಕಿನ ಮಾತಿನಿಂದ ಶುರುವಾಯಿತು.

1976ರ ಆಗಸ್ಟ್ 20

ಆ ಬೇಸಿಗೆ ಬ್ರಿಟನ್ನಿನಲ್ಲಿ ವಿಪರೀತ ಬಿಸಿಲು. ಆಗಸ್ಟ್ 20ರ ಶುಕ್ರವಾರ ದೇವಶಿ ಭುಡಿಯಾ ಎಂಬ ಯುವಕನನ್ನು ನಿಧಾನ ಕೆಲಸ ಮಾಡಿದ ಅಂತ ತೆಗೆದುಹಾಕಿದರು. ಅವನ ಜೊತೆ ಮೂವರು ಹೊರಟರು. ಅದೇ ಸಂಜೆ ಜಯಾಬೆನ್ ಮನೆಗೆ ಹೊರಡಲು ಕೋಟು ಹಾಕಿಕೊಂಡಾಗ ಮ್ಯಾನೇಜರ್ ಕರೆದು ಗದರಿಸಿದ. ಆಗ ಅವರು ಆಡಿದ ಮಾತು ಈಗ ಪ್ರಸಿದ್ಧ: ನೀವು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ. ಮೃಗಾಲಯದಲ್ಲಿ ನಿಮ್ಮ ಬೆರಳ ಮೇಲೆ ಕುಣಿಯುವ ಮಂಗಗಳೂ ಇರುತ್ತವೆ, ನಿಮ್ಮ ತಲೆ ಕಚ್ಚಿ ಕೀಳುವ ಸಿಂಹಗಳೂ ಇರುತ್ತವೆ. ನಾವು ಆ ಸಿಂಹಗಳು, ಮ್ಯಾನೇಜರ್ ಸಾಹೇಬರೇ.

ರಜೆಯಲ್ಲಿ ಅಲ್ಲೇ ಕೆಲಸಕ್ಕಿದ್ದ ಮಗ ಸುನಿಲ್ ಕೂಡ ಅಮ್ಮನ ಜೊತೆ ಹೊರಬಂದ. ಮಾತು ಅಷ್ಟಕ್ಕೇ ನಿಂತಿದ್ದರೆ ಅದು ಒಂದು ಸಂಜೆಯ ಸಿಟ್ಟಾಗಿ ಮುಗಿಯುತ್ತಿತ್ತು. ಮುಂದಿನ ಕೆಲವು ದಿನಗಳಲ್ಲಿ ಅವರು ಮಾಡಿದ ಕೆಲಸವೇ ಬೇರೆ. ಸೋಮವಾರ ಬೆಳಗ್ಗೆ ಗೇಟಿನಲ್ಲಿ ಫಲಕ ಹಿಡಿದು ನಿಂತರು. ಸುನಿಲ್ ಸೈಕಲ್ ಹತ್ತಿ ನಾಗರಿಕ ಸಲಹಾ ಕೇಂದ್ರಕ್ಕೆ ಹೋದ. ಯೂನಿಯನ್ ಸೇರುವುದು ಹೇಗೆ ಅಂತಲೇ ಇವರಿಗೆ ಗೊತ್ತಿರಲಿಲ್ಲ. ಅಲ್ಲಿಂದ ಬ್ರಿಟನ್ನಿನ ಯೂನಿಯನ್‌ಗಳ ಒಕ್ಕೂಟವಾದ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್, ಅಂದರೆ ಟಿಯುಸಿ, ದಾರಿ ತೋರಿಸಿ ‘ಅಪೆಕ್ಸ್’ ಎಂಬ ಗುಮಾಸ್ತರ ಯೂನಿಯನ್‌ಗೆ ಸೇರಿಸಿತು. ಬ್ರೆಂಟ್ ಪ್ರದೇಶದ ಯೂನಿಯನ್‌ಗಳ ಸ್ಥಳೀಯ ಕೂಟವಾದ ಟ್ರೇಡ್ಸ್ ಕೌನ್ಸಿಲ್ ಕಾರ್ಯದರ್ಶಿ ಜ್ಯಾಕ್ ಡ್ರೋಮಿ ಜೊತೆಗೆ ನಿಂತರು. ಒಟ್ಟು 137 ಜನ ಹೊರಬಂದರು. ಅವರಲ್ಲಿ ರಜೆಯ ಕೆಲಸಕ್ಕೆ ಬಂದ ವಿದ್ಯಾರ್ಥಿಗಳೂ ಇದ್ದರು. ಮುಷ್ಕರ ಸಮಿತಿ ರಚನೆಯಾಯಿತು. ಜಯಾಬೆನ್ ಅದರ ಖಜಾಂಚಿ. ಬೇಡಿಕೆ ಎರಡೇ: ಯೂನಿಯನ್‌ಗೆ ಮಾನ್ಯತೆ ಕೊಡಿ, ಅಂದರೆ ಕೆಲಸಗಾರರ ಪರವಾಗಿ ಅದರ ಜೊತೆ ಮಾತಾಡಿ; ಕೆಲಸ ವಾಪಸ್ ಕೊಡಿ.

ಸೆಪ್ಟೆಂಬರ್ 2ರಂದು ಕಂಪನಿ ಎಲ್ಲರನ್ನೂ ಒಟ್ಟಿಗೆ ತೆಗೆದುಹಾಕಿತು. ಇಲ್ಲಿ ಕಾನೂನಿನ ಒಂದು ಗಂಟು ಇದೆ. ಮುಷ್ಕರದಲ್ಲಿರುವ ಎಲ್ಲರನ್ನೂ ಸಾರಾಸಗಟಾಗಿ ತೆಗೆದರೆ, ಅದು ಅನ್ಯಾಯವೇ ಅಂತ ವಿಚಾರಿಸುವ ಅಧಿಕಾರ ಆಗಿನ ಬ್ರಿಟಿಷ್ ಕಾನೂನಿನ ಪ್ರಕಾರ ಟ್ರಿಬ್ಯುನಲ್‌ಗೆ, ಅಂದರೆ ಕೆಲಸದ ದೂರು ಕೇಳುವ ನ್ಯಾಯಮಂಡಳಿಗೆ, ಇರಲಿಲ್ಲ. ಕೆಲವರನ್ನು ತೆಗೆದು ಕೆಲವರನ್ನು ಉಳಿಸಿಕೊಂಡರೆ ಮಾತ್ರ ವಿಚಾರಣೆ. ಅಂದರೆ ಒಬ್ಬರನ್ನು ವಾಪಸ್ ತೆಗೆದುಕೊಂಡರೂ ಉಳಿದವರ ದೂರಿಗೆ ಬಾಗಿಲು ತೆರೆಯುತ್ತಿತ್ತು. ಮಾಲೀಕ ಜಾರ್ಜ್ ವಾರ್ಡ್ ಕೊನೆಯವರೆಗೂ ಒಬ್ಬರನ್ನೂ ಒಳಗೆ ಬಿಡದೆ ಇದ್ದದ್ದರಲ್ಲಿ ಹಟ ಇತ್ತು, ನಿಜ. ಆದರೆ ಕಾನೂನೇ ಆ ಹಟವನ್ನು ಬೆಂಬಲಿಸುವಂತಿತ್ತು.

ನಾಲ್ಕು ದಿನ

ಗೇಟಿನಲ್ಲಿ ಎಷ್ಟೇ ಜನ ನಿಂತರೂ ಒಳಗಿನ ಕೆಲಸ ನಡೆಯುತ್ತಲೇ ಇತ್ತು. ಹೊರಬಂದವರಿಗಿಂತ ಒಳಗೆ ಉಳಿದವರೇ ಜಾಸ್ತಿ. ಆದರೆ ಲಕೋಟೆ ಬರದಿದ್ದರೆ? 1976ರ ನವೆಂಬರ್ 1ರಂದು ಪಕ್ಕದ ಕ್ರಿಕಲ್‌ವುಡ್ ಅಂಚೆ ಕಚೇರಿಯ ಕೆಲಸಗಾರರು ಗ್ರನ್‌ವಿಕ್‌ನ ಟಪಾಲನ್ನು ಮುಟ್ಟುವುದಿಲ್ಲ ಅಂತ ನಿಂತರು. ವ್ಯಾಪಾರದ ಉಸಿರೇ ಕಟ್ಟಿತು.

ಕಂಪನಿಯ ಬೆನ್ನಿಗೆ ‘ನ್ಯಾಷನಲ್ ಅಸೋಸಿಯೇಷನ್ ಫಾರ್ ಫ್ರೀಡಂ’ ಎಂಬ ಬಲಪಂಥೀಯ ಸಂಘಟನೆ ಬಂತು. ಟಪಾಲನ್ನು ಬೇಕೆಂದೇ ತಡೆಯುವುದು 1953ರ ಪೋಸ್ಟ್ ಆಫೀಸ್ ಕಾಯ್ದೆಯ ಪ್ರಕಾರ ಅಪರಾಧ. ಕೋರ್ಟಿನ ಬೆದರಿಕೆ ಎದುರಾಯಿತು. ಅದೇ ಹೊತ್ತಿಗೆ, ಸರ್ಕಾರದ ಕಾರ್ಮಿಕ ಸಂಧಾನ ಸಂಸ್ಥೆಯಾದ ‘ಎಕಾಸ್’ ಜೊತೆ ಸಹಕರಿಸುತ್ತೇವೆ ಅಂತ ಕಂಪನಿ ಹೇಳಿತು. ನಾಲ್ಕೇ ದಿನಕ್ಕೆ ಅಂಚೆ ಯೂನಿಯನ್ ತಡೆಯನ್ನು ತೆಗೆಯಿತು.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ಕೈಯಲ್ಲಿದ್ದ ಬಲವನ್ನು ಒಂದು ಭರವಸೆಗೆ ಬದಲಾಗಿ ಕೊಟ್ಟರು. ಅಂಚೆ ಯೂನಿಯನ್ ನಾಯಕರನ್ನು ಹೇಡಿಗಳು ಅಂತ ನಾನು ಕರೆಯುವುದಿಲ್ಲ. ಅವರ ಸದಸ್ಯರ ಮೇಲೆ ಕ್ರಿಮಿನಲ್ ಕೇಸು ಬೀಳುವ ಭಯ ನಿಜವಾದದ್ದೇ. ಆದರೆ ಭರವಸೆ ಕಾಗದಕ್ಕೆ ಇಳಿಯುವವರೆಗಾದರೂ, ಕೆಲಸಗಾರರ ಹೆಸರು ವಿಳಾಸಗಳ ಪಟ್ಟಿ ಎಕಾಸ್ ಕೈಸೇರುವವರೆಗಾದರೂ ಹಿಡಿದಿಟ್ಟುಕೊಳ್ಳಬಹುದಿತ್ತು ಅಲ್ವಾ? ಯಾಕೆಂದರೆ ಆ ಪಟ್ಟಿಯನ್ನು ಕಂಪನಿ ಕೊಡಲೇ ಇಲ್ಲ. ಎಕಾಸ್ ಹೊರಗಿದ್ದವರನ್ನು ಮಾತ್ರ ಕೇಳಿ, 1977ರ ಮಾರ್ಚ್‌ನಲ್ಲಿ ಯೂನಿಯನ್‌ಗೆ ಮಾನ್ಯತೆ ಕೊಡಬೇಕು ಅಂತ ವರದಿ ಕೊಟ್ಟಿತು. ಕಂಪನಿ ತಾನೇ ಒಂದು ಸಮೀಕ್ಷೆ ಮಾಡಿಸಿತು. ಒಳಗಿದ್ದವರಲ್ಲಿ ಬಹುಮತ ಯೂನಿಯನ್ ಬೇಡ ಅಂದಿತು. ಹೊರಗಿನವರನ್ನು ಕೆಲಸದಿಂದ ತೆಗೆದ ಮೇಲೆ ಒಳಗಿನವರು ಮಾಲೀಕನ ಸಮೀಕ್ಷೆಯಲ್ಲಿ ಬೇರೇನು ಹೇಳಬಲ್ಲರು ಅನ್ನುವುದೂ ಯೋಚಿಸಬೇಕಾದ ಮಾತು. ಒಳಗಿನವರನ್ನು ಕೇಳದ ವರದಿ ಊರ್ಜಿತವಲ್ಲ ಅಂತ ಕಂಪನಿ ಕೋರ್ಟಿಗೆ ಹೋಯಿತು. ಅವರನ್ನು ಕೇಳದಂತೆ ಮಾಡಿದ್ದೂ ಅದೇ ಕಂಪನಿ.

ಕೋರ್ಟಿನ ಕತೆಯನ್ನು ಬೇಗ ಹೇಳಿ ಮುಗಿಸಬಹುದು. 1977ರ ಜುಲೈನಲ್ಲಿ ಹೈಕೋರ್ಟ್ ಎಕಾಸ್ ಪರ ತೀರ್ಪು ಕೊಟ್ಟಿತು. ಅದೇ ತಿಂಗಳ ಕೊನೆಗೆ ಲಾರ್ಡ್ ಡೆನಿಂಗ್ ಇದ್ದ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಡಿಸೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಡೆನಿಂಗ್ ತೀರ್ಪನ್ನೇ ಎತ್ತಿಹಿಡಿಯಿತು. ಅಂಚೆ ತಡೆ ತೆಗೆದಾಗಿನಿಂದ ಹದಿಮೂರು ತಿಂಗಳು ಹೀಗೆ ಕಳೆದವು. ಸಂಬಳವಿಲ್ಲದೆ ಗೇಟಿನಲ್ಲಿ ನಿಂತವರಿಗೆ ಆ ಹದಿಮೂರು ತಿಂಗಳು ಏನು ಅನ್ನುವುದು ಯಾವ ತೀರ್ಪಿನಲ್ಲೂ ಇಲ್ಲ.

ಗೇಟಿನ ಹೆಂಗಸರು

ಈ ನಡುವೆ ಜಯಾಬೆನ್ ಮತ್ತು ಜೊತೆಗಾರರು ದೇಶ ಸುತ್ತಿದರು. ಗಣಿ, ಹಡಗುಕಟ್ಟೆ, ಕಾರ್ಖಾನೆ ಅಂತ ನೂರಾರು ಕಡೆ ಹೋಗಿ ಮಾತಾಡಿದರು. ಇಂಗ್ಲಿಷ್ ಅವರ ಮನೆಮಾತಲ್ಲ, ವೇದಿಕೆ ಅಭ್ಯಾಸವಿರಲಿಲ್ಲ. ಮನೆಯವರ ಮುನಿಸು, ನೆಂಟರ ಕೊಂಕು ಮಾತು ಬೇರೆ. ಗೇಟಿನಲ್ಲಿ ನಿಲ್ಲುವ ಹೆಂಗಸಿನ ಮೇಲೆ ಬೀಳುವ ಮೊದಲ ಕಲ್ಲು ಅವಳ ನಡತೆಯ ಮೇಲೇ ಬೀಳುತ್ತದೆ. ಇಲ್ಲೂ ಹಾಗೇ ಆಯಿತು. ಸೀರೆ ಉಟ್ಟು ಗೆಲ್ಲೋಕಾಗಲ್ಲ, ಮಿನಿ ಸ್ಕರ್ಟ್ ಹಾಕಿಕೊಂಡು ಬನ್ನಿ ಅಂತ ವಾರ್ಡ್ ಅಣಕಿಸಿದ್ದನ್ನು ಜಯಾಬೆನ್ ಹೇಳಿದ್ದಾರೆ. ಇಂದಿರಾ ಗಾಂಧಿ ಸೀರೆ ಉಟ್ಟೇ ಒಂದು ದೊಡ್ಡ ದೇಶ ಆಳುತ್ತಿದ್ದಾರೆ ಅಂತ ಇವರ ಉತ್ತರ. ಇನ್ನೊಮ್ಮೆ, ನೀನು ನಡತೆಗೆಟ್ಟವಳು ಅಂತ ಇಡೀ ಪಟೇಲ್ ಸಮುದಾಯಕ್ಕೆ ಹೇಳುತ್ತೇನೆ ಅಂತ ಬೆದರಿಸಿದನಂತೆ. ನೀನು ಪಟೇಲರಿಗೆ ಮಾತ್ರ ಹೇಳುತ್ತೀಯ, ನೀನು ಎಂಥವನು ಅಂತ ನಾನು ಇಡೀ ಇಂಗ್ಲೆಂಡಿಗೆ ತೋರಿಸುತ್ತಿದ್ದೇನೆ ಅಂತ ಇವರು ಕೈಯಲ್ಲಿದ್ದ ಫಲಕ ತೋರಿಸಿದರು.

ಈ ಉತ್ತರದಲ್ಲಿ ಬರೀ ಚುರುಕುತನ ಇಲ್ಲ. ಮಾಲೀಕನೂ ಭಾರತದಲ್ಲಿ ಹುಟ್ಟಿದವನು, ಆಂಗ್ಲೋ ಇಂಡಿಯನ್. ಸಮುದಾಯದ ಭಯ ಎಲ್ಲಿ ಕೆಲಸ ಮಾಡುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಜಯಾಬೆನ್ ಆ ಭಯವನ್ನು ಸಮುದಾಯದ ಒಳಗೆ ಎದುರಿಸದೆ ಬೀದಿಗೆ ತಂದರು. ಜೊತೆಗಿದ್ದ ಹೆಂಗಸರಿಗೆ ಅದು ಎಷ್ಟು ದೊಡ್ಡ ಧೈರ್ಯ ಕೊಟ್ಟಿರಬೇಕು ಅಂತ ಊಹಿಸಬಹುದು.

ಅವರಿಗಿಂತ ಮುಂಚೆ ಏನಾಗಿತ್ತು ಅನ್ನುವುದೂ ಇಲ್ಲಿ ಮುಖ್ಯ. 1972ರಲ್ಲಿ ಲಫ್‌ಬರೋದ ಮ್ಯಾನ್ಸ್‌ಫೀಲ್ಡ್ ಹೋಸಿಯರಿಯಲ್ಲಿ, 1974ರಲ್ಲಿ ಲೆಸ್ಟರ್‌ನ ಇಂಪೀರಿಯಲ್ ಟೈಪ್‌ರೈಟರ್ಸ್‌ನಲ್ಲಿ ಏಷ್ಯನ್ ಕೆಲಸಗಾರರು ಮುಷ್ಕರ ಹೂಡಿದಾಗ ಅವರದೇ ಯೂನಿಯನ್‌ಗಳು ಸರಿಯಾಗಿ ಜೊತೆ ಕೊಡಲಿಲ್ಲ. 1968ರಲ್ಲಿ ಲಂಡನ್ನಿನ ಹಡಗುಕಟ್ಟೆಯ ಕೆಲಸಗಾರರು ವಲಸಿಗರ ವಿರುದ್ಧ ಭಾಷಣ ಮಾಡಿದ ಇನಾಕ್ ಪೊವೆಲ್ ಪರವಾಗಿ ಮೆರವಣಿಗೆ ಮಾಡಿದ್ದರು. ಅದೇ ಹಡಗುಕಟ್ಟೆಯ ಬ್ಯಾನರ್ 1977ರಲ್ಲಿ ಗ್ರನ್‌ವಿಕ್ ಬೀದಿಗೆ ಬಂತು. ಒಂಬತ್ತು ವರ್ಷದಲ್ಲಿ ಆದ ಈ ಬದಲಾವಣೆಗೆ ಬೇರೆ ಕಾರಣಗಳೂ ಇವೆ. ಆದರೆ ಊರೂರು ಸುತ್ತಿ ಮಾತಾಡಿದ ಈ ಹೆಂಗಸರ ಪಾಲು ಅದರಲ್ಲಿ ದೊಡ್ಡದು.

ಜನ ತುಂಬಿದ ಬೇಸಿಗೆ

1977ರ ಜೂನ್ 13ರಿಂದ ಸಾಮೂಹಿಕ ಪಿಕೆಟಿಂಗ್, ಅಂದರೆ ಗೇಟಿನಲ್ಲಿ ಗುಂಪಾಗಿ ನಿಂತು ಪ್ರತಿಭಟಿಸುವುದು, ಶುರುವಾಯಿತು. ಮೊದಲ ದಿನವೇ 84 ಜನರ ಬಂಧನ. ಸ್ಪೆಷಲ್ ಪೆಟ್ರೋಲ್ ಗ್ರೂಪ್ ಎಂಬ ಪೊಲೀಸ್ ಪಡೆಯನ್ನು ಮೊದಲ ಬಾರಿಗೆ ಒಂದು ಕಾರ್ಮಿಕ ವಿವಾದಕ್ಕೆ ಇಳಿಸಿದರು. ಗಣಿ ಕೆಲಸಗಾರರ ಯೂನಿಯನ್ ನಾಯಕ ಆರ್ಥರ್ ಸ್ಕಾರ್ಗಿಲ್ ಯಾರ್ಕ್‌ಷೈರ್ ಗಣಿ ಕೆಲಸಗಾರರನ್ನು ಕರೆತಂದರು. ಅದಕ್ಕೂ ಮುಂಚೆ, ಮೇ ತಿಂಗಳಲ್ಲಿ, ಷರ್ಲಿ ವಿಲಿಯಮ್ಸ್ ಸೇರಿ ಲೇಬರ್ ಸರ್ಕಾರದ ಮೂವರು ಮಂತ್ರಿಗಳೇ ಗೇಟಿಗೆ ಬಂದು ನಿಂತಿದ್ದರು. ಜುಲೈ 11ರಂದು ಸುಮಾರು 20,000 ಜನ ಸೇರಿದರು. ಇಡೀ ಮುಷ್ಕರದಲ್ಲಿ ಬಂಧನಕ್ಕೊಳಗಾದವರು ಸುಮಾರು 550.

ಕ್ರಿಕಲ್‌ವುಡ್ ಅಂಚೆಯವರು ಜೂನ್‌ನಲ್ಲಿ ಮತ್ತೆ ಟಪಾಲು ತಡೆದರು. ಈ ಸಲ ಅಂಚೆ ಇಲಾಖೆ ಅವರನ್ನೇ ಕೆಲಸದಿಂದ ಹೊರಗಿಟ್ಟಿತು. ಜುಲೈನ ಒಂದು ರಾತ್ರಿ ಕಂಪನಿ ಬೆಂಬಲಿಗರು ಲಾರಿಗಳಲ್ಲಿ ಟಪಾಲು ಮೂಟೆ ತುಂಬಿಸಿ ಹೊರಗೆ ಸಾಗಿಸಿದರು. ದೇಶದ ಬೇರೆ ಬೇರೆ ಊರುಗಳ ಅಂಚೆ ಡಬ್ಬಿಗಳಿಗೆ ಹಾಕಿಸಿದರು. ಕಂಪನಿಗೆ ಭಯ ಯಾವುದರದು ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕೇ? ಗೇಟಿನ ಇಪ್ಪತ್ತು ಸಾವಿರ ಜನರನ್ನು ಪೊಲೀಸರು ನೋಡಿಕೊಳ್ಳುತ್ತಿದ್ದರು. ಟಪಾಲಿಗೆ ಮಾತ್ರ ರಾತ್ರಿ ಕಾರ್ಯಾಚರಣೆ ಬೇಕಾಯಿತು. ಆದರೆ ಅಂಚೆಯವರ ಮೇಲೆ ಸ್ವಂತ ಯೂನಿಯನ್‌ನಿಂದಲೇ ಒತ್ತಡ ಬಂತು. ಜುಲೈ ಕೊನೆಗೆ ಅವರು ಕೆಲಸಕ್ಕೆ ಮರಳಿದರು.

ಸರ್ಕಾರ ನ್ಯಾಯಮೂರ್ತಿ ಸ್ಕಾರ್ಮನ್ ಅವರಿಂದ ವಿಚಾರಣೆ ಮಾಡಿಸಿತು. ಆಗಸ್ಟ್ 25ರಂದು ವರದಿ ಬಂತು. ಕಂಪನಿ ಕಾನೂನಿನ ಅಕ್ಷರ ಪಾಲಿಸಿದೆ, ಅದರ ಆಶಯ ಮೀರಿದೆ. ಯೂನಿಯನ್‌ಗೆ ಮಾನ್ಯತೆ ಕೊಡಬೇಕು, ಸಾಧ್ಯವಾದಷ್ಟು ಜನರನ್ನು ವಾಪಸ್ ತೆಗೆದುಕೊಳ್ಳಬೇಕು ಅಂತ ಅದು ಹೇಳಿತು. ಸಾಮೂಹಿಕ ಪಿಕೆಟಿಂಗ್ ಮತ್ತು ಟಪಾಲು ತಡೆಯನ್ನೂ ಟೀಕಿಸಿತು. ವಾರ್ಡ್ ವರದಿಯನ್ನು ಒಪ್ಪಲಿಲ್ಲ. ಒಪ್ಪಿಸುವ ಬಲ ಯಾರ ಕೈಯಲ್ಲೂ ಇರಲಿಲ್ಲ.

ಟಿಯುಸಿ ಮೆಟ್ಟಿಲ ಮೇಲೆ

1977ರ ನವೆಂಬರ್ 21ರಂದು ಜಯಾಬೆನ್ ಮತ್ತು ಇನ್ನೂ ಮೂವರು ಟಿಯುಸಿ ಕಚೇರಿಯ ಹೊರಗೆ ಉಪವಾಸ ಕೂತರು. ಮಾಲೀಕನ ಮನೆಯ ಮುಂದಲ್ಲ, ಸ್ವಂತ ಚಳವಳಿಯ ಬಾಗಿಲಲ್ಲಿ. ನೀರು, ವಿದ್ಯುತ್, ಟಪಾಲು ನಿಲ್ಲಿಸಿ ನಮ್ಮ ಜೊತೆ ನಿಲ್ಲಿ ಅಂತ ಅವರ ಒತ್ತಾಯ. ಅಪೆಕ್ಸ್ ಆ ನಾಲ್ವರನ್ನು ನಾಲ್ಕು ವಾರ ಸದಸ್ಯತ್ವದಿಂದ ಅಮಾನತು ಮಾಡಿತು. ಮುಷ್ಕರ ಭತ್ಯೆಯನ್ನೂ ತಡೆಯಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಜಾಸ್ತಿ ನೋವು ಕೊಡುವ ಘಟನೆ ಇದೇ. ಯೂನಿಯನ್ ಬೆಂಬಲ ಮೊಣಕೈ ಮೇಲಿನ ಜೇನಿನಂತೆ, ವಾಸನೆ ಬರುತ್ತದೆ, ಅಂಟು ತಿಳಿಯುತ್ತದೆ, ರುಚಿ ಮಾತ್ರ ಸಿಗುವುದಿಲ್ಲ ಅಂತ ಜಯಾಬೆನ್ ಹೇಳಿದರು.

ಯೂನಿಯನ್ ನಾಯಕರ ಕಡೆಯಿಂದ ನೋಡಿದರೆ, ಬಹುಮತವಿಲ್ಲದ ಲೇಬರ್ ಸರ್ಕಾರ ಬೀಳಬಾರದು ಅನ್ನುವ ಚಿಂತೆ ಇತ್ತು. ಪತ್ರಿಕೆಗಳಲ್ಲಿ ದಿನಾ ಗಲಾಟೆಯ ಫೋಟೋ ಬರುತ್ತಿತ್ತು. ಅವರು ಕಾನೂನಿನ ದಾರಿಯಲ್ಲಿ ನಂಬಿಕೆ ಇಟ್ಟರು. ಆ ದಾರಿ ಮುಗಿದ ಮೇಲೆ ಇನ್ನೇನೂ ಉಳಿದಿರಲಿಲ್ಲ. ಲೇಬರ್ ಸರ್ಕಾರವಂತೂ 1979ರಲ್ಲಿ ಬಿತ್ತು.

1978ರ ಜುಲೈ 14ರಂದು ಮುಷ್ಕರ ಸಮಿತಿ ಹೋರಾಟ ಮುಗಿಸಿತು. ಕೊನೆಯ ಸಭೆಯಲ್ಲಿ ಜಯಾಬೆನ್ ಜೊತೆಗಾರರಿಗೆ ತಲೆ ಎತ್ತಿ ನಡೆಯಿರಿ ಅಂದರು. ಈ ನೆಲಕ್ಕೆ ಹೊಸಬರಾದ ನಮ್ಮಂಥ ಕೆಲಸಗಾರರು ಮರ್ಯಾದೆ ಇಲ್ಲದ ನಡವಳಿಕೆಯನ್ನು ಒಪ್ಪುವುದಿಲ್ಲ ಅಂತ ತೋರಿಸಿದ್ದೇವೆ, ಬಿಳಿಯ ಕೆಲಸಗಾರರು ನಮ್ಮ ಜೊತೆ ನಿಲ್ಲುತ್ತಾರೆ ಅಂತಲೂ ತೋರಿಸಿದ್ದೇವೆ ಅನ್ನುವುದು ಅವರ ಮಾತು.

ಆಮೇಲೆ

ಎಕಾಸ್ ಮೂಲಕ ಮಾನ್ಯತೆ ಕೇಳುವ ಕಾನೂನನ್ನು ಥ್ಯಾಚರ್ ಸರ್ಕಾರ 1980ರ ಎಂಪ್ಲಾಯ್‌ಮೆಂಟ್ ಕಾಯ್ದೆಯಿಂದ ತೆಗೆದುಹಾಕಿತು. ಒಂದು ಕಡೆಯ ಕೆಲಸಗಾರರು ಇನ್ನೊಂದು ಕಡೆಯವರಿಗಾಗಿ ಕೆಲಸ ನಿಲ್ಲಿಸುವ ಹಕ್ಕನ್ನು ಮುಂದಿನ ಹತ್ತು ವರ್ಷಗಳಲ್ಲಿ ಹಂತಹಂತವಾಗಿ ಮುಗಿಸಿದರು. ಕ್ರಿಕಲ್‌ವುಡ್ ಅಂಚೆಯವರು ಮಾಡಿದ್ದನ್ನು ಇನ್ನೊಬ್ಬರು ಮಾಡದಂತೆ ಬೀಗ ಬಿತ್ತು. ಯೂನಿಯನ್ ಮಾನ್ಯತೆಗೆ ಕಾನೂನಿನ ದಾರಿ ಮತ್ತೆ ತೆರೆದದ್ದು 1999ರ ಕಾಯ್ದೆಯಲ್ಲಿ.

ಜಯಾಬೆನ್ ಹೊಲಿಗೆಗೆ ಮರಳಿದರು. ಆಮೇಲೆ ಹ್ಯಾರೋ ಕಾಲೇಜಿನಲ್ಲಿ ಹೊಲಿಗೆ ಕಲಿಸಿದರು. ಅರವತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಪರೀಕ್ಷೆ ಪಾಸು ಮಾಡಿದರು. 2010ರ ಡಿಸೆಂಬರ್ 23ರಂದು ತೀರಿಕೊಂಡರು. ಕಳೆದ 70 ವರ್ಷಗಳಲ್ಲಿ ಹೆಂಗಸರ ಬದುಕಿನ ಮೇಲೆ ಹೆಚ್ಚು ಪರಿಣಾಮ ಬೀರಿದ ಏಳು ಮಹಿಳೆಯರ ಪಟ್ಟಿಯನ್ನು 2016ರಲ್ಲಿ ಬಿಬಿಸಿ ರೇಡಿಯೊದ ವುಮನ್ಸ್ ಅವರ್ ಮಾಡಿತು. ಅದರಲ್ಲಿ ಮಾರ್ಗರೆಟ್ ಥ್ಯಾಚರ್ ಹೆಸರೂ ಇತ್ತು, ಜಯಾಬೆನ್ ಹೆಸರೂ ಇತ್ತು.

ಸೋಲಿನ ಬಗ್ಗೆ ಅವರಿಗೆ ಅವರದೇ ಲೆಕ್ಕ ಇತ್ತು. ಮುಷ್ಕರ ನಡೆಯುತ್ತಿದ್ದಾಗಲೇ ಕಂಪನಿ ಒಳಗಿನವರ ಸಂಬಳ ಏರಿಸಿತ್ತು. ಮುಂದೆ ಕಾರ್ಖಾನೆ ಬೇರೆ ಕಡೆ ಹೋದಾಗ, ಒಳಗೆ ಉಳಿದಿದ್ದವರನ್ನು ಕರೆದೊಯ್ಯಲು ಮನೆಬಾಗಿಲಿಗೇ ವ್ಯಾನು ಬರುತ್ತಿತ್ತು, ಅವರಿಗೆ ಪಿಂಚಣಿಯೂ ಬಂತು, ಇದೆಲ್ಲ ನಮ್ಮ ಹೋರಾಟದಿಂದ ಅಂತ ಜಯಾಬೆನ್ ಹೇಳುತ್ತಿದ್ದರು. ತಮ್ಮ ಜೊತೆ ಹೊರಬರದವರ ಪಿಂಚಣಿಯನ್ನೂ ಅವರು ತಮ್ಮ ಗೆಲುವಿನ ಪಟ್ಟಿಗೇ ಸೇರಿಸಿದ್ದರು.